ಉಕ್ಕುವ ಭಾವನೆಗೆ ಕಲಿಯಬಹುದಾದ ಕೌಶಲ

ಪರೀಕ್ಷಾ ಫಲಿತಾಂಶದ ದಿನ ಬಾಗಿಲು ಹಾಕಿಕೊಳ್ಳುವ ವಿದ್ಯಾರ್ಥಿಗೆ "ಅಳಬೇಡ" ಎಂಬ ಮಾತು ನೆರವಾಗದು. ಆತ್ಮಹತ್ಯೆಯ ಯೋಚನೆಯಿಂದ ಬಳಲುವವರಿಗಾಗಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿ, 1993ರಲ್ಲಿ ಗ್ರಂಥರೂಪಕ್ಕಿಳಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯು ಎರಡು ಮಾತುಗಳನ್ನು ಜೊತೆಯಾಗಿ ಹೇಳುತ್ತದೆ: ನಿನ್ನ ನೋವು ನಿಜ, ನಿನ್ನ ನಡೆ ಬದಲಾಗಬಲ್ಲದು.

ಭಾವನೆ ಉಕ್ಕಿದಾಗ ಮೊದಲು ಅದನ್ನು ಹೆಸರಿಸಬೇಕು: ಭಯವೋ, ಕೋಪವೋ, ನಾಚಿಕೆಯೋ? ಬಳಿಕ ವಾಸ್ತವವನ್ನು ಪರಿಶೀಲಿಸಬೇಕು: ಅಂಕ ಕಡಿಮೆಯಾದದ್ದು ಗಣಿತದಲ್ಲಿ ಮಾತ್ರ. ಅವಿತುಕೊಳ್ಳೆನ್ನುವ ನಾಚಿಕೆಗೆ ಮಣಿಯದೆ, ಹೊರಬಂದು ಒಬ್ಬರೊಡನೆ ಮಾತನಾಡುವುದೇ "ವಿರುದ್ಧ ಕ್ರಿಯೆ". ಇವೆಲ್ಲ ಮಗ್ಗಿಯಂತೆ ಅಭ್ಯಾಸದಿಂದ ಬರುವಂಥವು.

ಭಾವನೆಯನ್ನು ಹೆಸರಿಸಲು ತನ್ನ ನುಡಿ ಬೇಕು. ಆದುದರಿಂದಲೇ ಗಡಿನಾಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಆಪ್ತ ಸಮಾಲೋಚಕರು ಅಗತ್ಯ. ಸಾವಿನ ಯೋಚನೆ ಸುಳಿದರೆ ತಡಮಾಡದೆ ಟೆಲಿ-ಮಾನಸ್ 14416ಕ್ಕೆ ಕರೆಮಾಡಿ.