ನಿವೃತ್ತಿ ವೀಸಾ: ಅರ್ಜಿಗೆ ಮುನ್ನ ಊರಿನ ಲೆಕ್ಕ ಮುಗಿಯಲಿ

ಧಾರವಾಡಕ್ಕೆ ‘ನಿವೃತ್ತರ ಸ್ವರ್ಗ’ವೆಂಬ ಹೆಸರು ಹಳೆಯದು. ನೌಕರಿ ಮುಗಿಸಿದವರು ತಂಪು ಹವೆಯನ್ನೂ ಸಂಗೀತ-ಸಾಹಿತ್ಯದ ವಾತಾವರಣವನ್ನೂ ಅರಸಿ ಇಲ್ಲಿಗೆ ಬಂದು ಮನೆ ಕಟ್ಟಿಸುತ್ತಿದ್ದರು. ಈಗ ಇದೇ ಅವಳಿ ನಗರದ ವ್ಯಾಪಾರಸ್ಥರಿಂದ ವಿರುದ್ಧ ದಿಕ್ಕಿನ ಪ್ರಶ್ನೆಯೊಂದು ಕೇಳಿಬರುತ್ತಿದೆ. ಮಗ ದುಬೈಯಲ್ಲಿದ್ದಾನೆ, ಮಗಳು ಅಮೆರಿಕದಲ್ಲಿದ್ದಾಳೆ. ಅಂಗಡಿಯನ್ನು ತಮ್ಮನಿಗೋ ಪಾಲುದಾರರಿಗೋ ಒಪ್ಪಿಸಿ ಹೊರದೇಶದಲ್ಲಿ ನೆಲೆಸಬಹುದೇ? ನಿವೃತ್ತಿ ವೀಸಾ ಎಂಬುದೊಂದು ಇದೆಯಂತೆ, ಅದಕ್ಕೆ ಏನು ಬೇಕು?

ಅರ್ಜಿ ನಮೂನೆ ತುಂಬುವುದು ಕಷ್ಟದ ಕೆಲಸವಲ್ಲ. ದಲ್ಲಾಳಿಗಳು ಅದನ್ನು ಒಂದು ವಾರದಲ್ಲಿ ಮುಗಿಸಿಕೊಡುತ್ತಾರೆ. ಆದರೆ ವ್ಯಾಪಾರಸ್ಥನ ಸ್ಥಿತಿ ಪಿಂಚಣಿದಾರನ ಸ್ಥಿತಿಗಿಂತ ಭಿನ್ನವಾದುದು. ಆತನ ಉಳಿತಾಯವು ಸರಕಿನಲ್ಲಿ, ಉದರಿಯಲ್ಲಿ, ಮಳಿಗೆಯಲ್ಲಿ ಹಾಗೂ ಬ್ಯಾಂಕಿಗೆ ಕೊಟ್ಟ ಜಾಮೀನಿನಲ್ಲಿ ಸಿಲುಕಿರುತ್ತದೆ. ಆದ್ದರಿಂದ ವೀಸಾ ಅರ್ಜಿಗಿಂತ ಕನಿಷ್ಠ ಒಂದು ವರ್ಷ ಮೊದಲೇ ಊರಿನ ಲೆಕ್ಕಗಳನ್ನು ಸರಿಪಡಿಸಿಕೊಳ್ಳುವುದು ಅವಶ್ಯವೆಂಬುದೇ ಈ ಲೇಖನದ ಆಶಯ.

ಎಲ್ಲಿ ಯಾವ ಅವಕಾಶ?

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 55 ವರ್ಷ ತುಂಬಿದವರಿಗೆ 5 ವರ್ಷಗಳ, ನವೀಕರಿಸಬಹುದಾದ ನಿವೃತ್ತಿ ವೀಸಾ ದೊರೆಯುತ್ತದೆ. 10 ಲಕ್ಷ ದಿರ್ಹಮ್ ಮೌಲ್ಯದ ಸ್ಥಿರಾಸ್ತಿ, ಅಷ್ಟೇ ಮೊತ್ತದ ಉಳಿತಾಯ ಅಥವಾ ನಿಗದಿತ ಮಾಸಿಕ ಆದಾಯ, ಇವುಗಳಲ್ಲಿ ಒಂದನ್ನು ತೋರಿಸಬೇಕು. ಥಾಯ್ಲೆಂಡ್‌ನಲ್ಲಿ 50 ವರ್ಷ ಮೀರಿದವರು 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯದ ಆಧಾರದ ಮೇಲೆ ಒಂದೊಂದು ವರ್ಷದ ಅನುಮತಿ ಪಡೆಯಬಹುದು. 90 ದಿನಗಳಿಗೊಮ್ಮೆ ವಿಳಾಸವನ್ನು ವರದಿ ಮಾಡಬೇಕು.

ಅಮೆರಿಕದಲ್ಲಿ ನಿವೃತ್ತಿ ವೀಸಾ ಎಂಬ ವರ್ಗವೇ ಇಲ್ಲ. 21 ವರ್ಷ ತುಂಬಿದ ಮಗ ಅಥವಾ ಮಗಳು ಅಲ್ಲಿಯ ನಾಗರಿಕರಾಗಿದ್ದರೆ ಮಾತ್ರ ತಂದೆ-ತಾಯಿಗಳಿಗೆ ಗ್ರೀನ್ ಕಾರ್ಡ್ ಕೋರಬಹುದು. ಮಕ್ಕಳು ಸ್ವತಃ ಗ್ರೀನ್ ಕಾರ್ಡಿನಲ್ಲಿದ್ದರೂ ಈ ಹಕ್ಕು ಇರುವುದಿಲ್ಲ. ಕೆನಡಾದ ‘ಸೂಪರ್ ವೀಸಾ’ದಲ್ಲಿ 2022ರ ಜುಲೈನಿಂದ ಒಮ್ಮೆ ಹೋದರೆ 5 ವರ್ಷಗಳವರೆಗೆ ಇರಬಹುದಾಗಿದೆ, ಆದರೆ ಅದು ಭೇಟಿಯ ವೀಸಾ, ನೆಲೆಸುವ ಹಕ್ಕಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಸ್ಟ್ರೇಲಿಯಾ ತನ್ನ ಹೂಡಿಕೆದಾರ-ನಿವೃತ್ತಿ ವೀಸಾವನ್ನು 2018ರಲ್ಲಿ ಹೊಸ ಅರ್ಜಿದಾರರಿಗೆ ಮುಚ್ಚಿಬಿಟ್ಟಿತು. ಮಲೇಷ್ಯಾ 2002ರಲ್ಲಿ ಆರಂಭಿಸಿದ ‘ಮೈ ಸೆಕೆಂಡ್ ಹೋಮ್’ ಯೋಜನೆಯ ಷರತ್ತುಗಳನ್ನು 2021ರಲ್ಲಿ ಬಹಳ ಬಿಗಿಗೊಳಿಸಿತು. 2024ರಲ್ಲಿ ಮತ್ತೆ ಬದಲಾಯಿಸಿತು. ನಿವೃತ್ತಿ ವೀಸಾ ಎಂದರೆ ಅವಧಿ ಮುಗಿದಾಗಲೆಲ್ಲ ಆಗಿನ ಷರತ್ತುಗಳ ಮೇಲೆ ನವೀಕರಿಸಬೇಕಾದ ಪರವಾನಿಗೆ. ಎಪಿಎಂಸಿ ಲೈಸೆನ್ಸಿನ ನವೀಕರಣ ಬಲ್ಲ ನಮ್ಮ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಣ ರವಾನೆಯ ಲೆಕ್ಕ

ಭಾರತದ ನಿವಾಸಿಯಾದ ವ್ಯಕ್ತಿಯು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2004ರಲ್ಲಿ ಯೋಜನೆ ಆರಂಭವಾದಾಗ ಈ ಮಿತಿ 25,000 ಡಾಲರ್ ಇತ್ತು. ದಿರ್ಹಮ್‌ನ ದರ ಒಂದು ಡಾಲರಿಗೆ 3.6725 ಎಂದು ಸ್ಥಿರವಾಗಿದೆ. ಅಂದರೆ 10 ಲಕ್ಷ ದಿರ್ಹಮ್ ಎಂಬುದು ಸುಮಾರು 2,72,300 ಡಾಲರ್. ದುಬೈಯ ಮನೆಗೆ ಬೇಕಾದ ಹಣವು ಒಬ್ಬರ ಒಂದು ವರ್ಷದ ಮಿತಿಯನ್ನು ಮೀರುತ್ತದೆ! ಒಂದು ಭಾಗವನ್ನು ಮಾರ್ಚ್ ತಿಂಗಳಲ್ಲಿಯೂ ಉಳಿದುದನ್ನು ಏಪ್ರಿಲ್‌ನಲ್ಲಿಯೂ ಕಳುಹಿಸಬೇಕಾಗುತ್ತದೆ. ಇಲ್ಲವೇ ಪತಿ-ಪತ್ನಿಯರು ಆಸ್ತಿಯ ಜಂಟಿ ಮಾಲೀಕರಾಗಿ ತಮ್ಮ ತಮ್ಮ ಮಿತಿಯಲ್ಲಿ ಕಳುಹಿಸಬೇಕಾಗುತ್ತದೆ.

ಈ ಯೋಜನೆ ವ್ಯಕ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ. ಪಾಲುದಾರಿಕೆ ಸಂಸ್ಥೆ, ಕಂಪನಿ, ಹಿಂದೂ ಅವಿಭಕ್ತ ಕುಟುಂಬ ಇವು ಇದರಡಿ ಹಣ ಕಳುಹಿಸುವಂತಿಲ್ಲ. ಅಂಗಡಿಯ ಚಾಲ್ತಿ ಖಾತೆಯಿಂದ ನೇರವಾಗಿ ದುಬೈಯ ಬಿಲ್ಡರ್‌ಗೆ ಕಳುಹಿಸುವ ಯೋಚನೆ ಬೇಡ. ಮೊದಲು ಬಂಡವಾಳ ಖಾತೆಯಿಂದ ಹಿಂಪಡೆದು ಸ್ವಂತ ಉಳಿತಾಯ ಖಾತೆಗೆ ತರಬೇಕು. ಇಂತಹ ಹೂಡಿಕೆಯ ರವಾನೆಗೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಆದುದರಿಂದ ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಹಣವನ್ನು ಇದಕ್ಕೆ ಬಳಸಲಾಗದು. ಹವಾಲಾ ಮಾರ್ಗದ ಮಾತಂತೂ ದೂರವಿರಲಿ: ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದಡಿ ದಂಡವು ಉಲ್ಲಂಘನೆಯ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ಇನ್ನು ಮೂಲದಲ್ಲಿ ವಸೂಲಾಗುವ ತೆರಿಗೆ, ಟಿಸಿಎಸ್. 2025ರ ಏಪ್ರಿಲ್ 1ರಿಂದ ವರ್ಷಕ್ಕೆ ₹10 ಲಕ್ಷ ಮೀರಿದ ಹೂಡಿಕೆ ರವಾನೆಯ ಮೇಲೆ ಶೇಕಡ 20ರಷ್ಟನ್ನು ಬ್ಯಾಂಕು ಸಂಗ್ರಹಿಸುತ್ತದೆ. ಒಬ್ಬರು ₹2 ಕೋಟಿ ಕಳುಹಿಸಿದರೆ ₹1.90 ಕೋಟಿಯ ಮೇಲೆ ₹38 ಲಕ್ಷ! ಇದು ಹೆಚ್ಚುವರಿ ತೆರಿಗೆಯಲ್ಲ. ವಿವರಣ ಪತ್ರ ಸಲ್ಲಿಸುವಾಗ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಉಳಿದುದು ಮರುಪಾವತಿಯಾಗುತ್ತದೆ. ಆದರೆ ಅಲ್ಲಿಯವರೆಗೆ ಒಂದು ಹಂಗಾಮಿನ ಸರಕಿನ ಹಣ ಸರಕಾರದ ಬಳಿ ಉಳಿಯುತ್ತದೆ. ಮುಂಗಡ ತೆರಿಗೆಯ ಕಂತುಗಳಲ್ಲಿ ಇದನ್ನು ಲೆಕ್ಕ ಹಿಡಿದರೆ ಭಾರ ಸ್ವಲ್ಪ ಕಡಿಮೆಯಾದೀತು.

ನಿವಾಸಿಯೋ, ಅನಿವಾಸಿಯೋ?

ಎರಡು ಕಾಯ್ದೆಗಳು ಈ ಪ್ರಶ್ನೆಗೆ ಎರಡು ಉತ್ತರ ಕೊಡುತ್ತವೆ. ಅನಿಶ್ಚಿತ ಅವಧಿಯವರೆಗೆ ಹೊರಗಿರುವ ಉದ್ದೇಶದಿಂದ ದೇಶ ಬಿಟ್ಟವನು ಫೆಮಾ ಪ್ರಕಾರ ಹೊರಟ ದಿನದಿಂದಲೇ ಅನಿವಾಸಿಯಾಗುತ್ತಾನೆ. ಆಗ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಬೇಕು, ಮತ್ತು ಮೇಲಿನ ರವಾನೆ ಯೋಜನೆ ಆತನಿಗೆ ಸಲ್ಲುವುದಿಲ್ಲ. ಅದರ ಬದಲು ಎನ್‌ಆರ್‌ಒ ಖಾತೆಯಿಂದ, ತೆರಿಗೆ ಪಾವತಿಸಿದ ಪ್ರಮಾಣಪತ್ರದೊಡನೆ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳುಹಿಸಲು ಅವಕಾಶವಿದೆ. ವೀಸಾಕ್ಕೆ ಬೇಕಾದಷ್ಟನ್ನು ಮೊದಲು ಕಳುಹಿಸಿ, ಉಳಿದುದನ್ನು ಅನಿವಾಸಿಯಾದ ಮೇಲೆ ಒಯ್ಯುವುದು ಜಾಣತನ.

ಆದಾಯ ತೆರಿಗೆ ಕಾಯ್ದೆ ದಿನಗಳನ್ನು ಎಣಿಸುತ್ತದೆ. ವಿದೇಶದ ಉದ್ಯೋಗಕ್ಕಾಗಿ ಹೊರಡುವವರಿಗೆ ಆ ವರ್ಷದಲ್ಲಿ 182 ದಿನಗಳ ಮಿತಿ ಅನ್ವಯಿಸುತ್ತದೆ. ವಿಶ್ರಾಂತ ಜೀವನಕ್ಕಾಗಿ ಹೊರಡುವವರಿಗೆ ಈ ರಿಯಾಯಿತಿ ಇಲ್ಲ: ಆ ವರ್ಷ 60 ದಿನ ಇಲ್ಲಿದ್ದು, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೆ ಇಡೀ ವರ್ಷಕ್ಕೆ ನಿವಾಸಿಯೇ. ಜೂನ್‌ನಲ್ಲಿ ವಿಮಾನ ಹತ್ತಿದವರು ಮಾರ್ಚ್‌ವರೆಗೂ ತೆರಿಗೆಯ ದೃಷ್ಟಿಯಿಂದ ಹುಬ್ಬಳ್ಳಿಯವರೇ ಆಗಿರುತ್ತಾರೆ. ನಿವಾಸಿಯಾಗಿರುವವರೆಗೆ ವಿದೇಶದ ಖಾತೆ-ಆಸ್ತಿಗಳನ್ನು ವಿವರಣ ಪತ್ರದಲ್ಲಿ ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪು ಹಣ ಕಾಯ್ದೆಯಡಿ ₹10 ಲಕ್ಷ ದಂಡಕ್ಕೆ ಅವಕಾಶವಿದೆ.

ದುಬೈಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಹಾಗೆಂದು ಇಲ್ಲಿಯ ತೆರಿಗೆ ತಪ್ಪದು. ಹುಬ್ಬಳ್ಳಿಯ ಬಾಡಿಗೆಗೂ, ಎನ್‌ಆರ್‌ಒ ಠೇವಣಿಯ ಬಡ್ಡಿಗೂ, ಇಲ್ಲಿಯ ಆಸ್ತಿಯ ಮಾರಾಟದ ಲಾಭಕ್ಕೂ ಭಾರತದಲ್ಲಿ ತೆರಿಗೆ ಇದ್ದೇ ಇದೆ. ಇಲ್ಲಿಯ ಆದಾಯ ₹15 ಲಕ್ಷ ಮೀರಿದ ಭಾರತೀಯ ನಾಗರಿಕರು ಬೇರೆಲ್ಲಿಯೂ ತೆರಿಗೆಗೆ ಒಳಪಡದಿದ್ದರೆ ಅವರನ್ನು ನಿವಾಸಿಯೆಂದೇ ಭಾವಿಸುವ ನಿಯಮ 2020ರ ಹಣಕಾಸು ಕಾಯ್ದೆಯಿಂದ ಬಂದಿದೆ. ಆದರೆ ‘ಸಾಮಾನ್ಯ ನಿವಾಸಿಯಲ್ಲ’ವೆಂಬ ವರ್ಗಕ್ಕೆ ಸೇರುವುದರಿಂದ ಅವರ ವಿದೇಶಿ ಆದಾಯಕ್ಕೆ ಬಹುಮಟ್ಟಿಗೆ ರಕ್ಷಣೆ ಇದೆ. ಇಂಥವರು ವರ್ಷಕ್ಕೆ 120 ದಿನಕ್ಕಿಂತ ಹೆಚ್ಚು ಊರಿಗೆ ಬಂದು ಇರುವಾಗಲೂ ಲೆಕ್ಕ ಇಟ್ಟುಕೊಳ್ಳಬೇಕು.

ಪಾಲುದಾರಿಕೆ, ಜಾಮೀನು, ಬಾಡಿಗೆ

ಸಂಸ್ಥೆಯಿಂದ ನಿವೃತ್ತರಾಗುವವರು ನಿವೃತ್ತಿ ಪತ್ರ ಬರೆದರೆ ಸಾಲದು. 1932ರ ಪಾಲುದಾರಿಕೆ ಕಾಯ್ದೆಯ 32ನೆಯ ಕಲಮಿನಂತೆ ಸಾರ್ವಜನಿಕ ನೋಟೀಸು ಕೊಡುವವರೆಗೆ, ಸಂಸ್ಥೆಯ ಮುಂದಿನ ವ್ಯವಹಾರಗಳಿಗೂ ಮೂರನೆಯವರ ಎದುರು ಹೊಣೆ ಮುಂದುವರಿಯುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಪಾಲುದಾರರ ಹಾಗೂ ಅಧಿಕೃತ ಸಹಿದಾರರ ಹೆಸರು ಬದಲಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಕ್ಕೆ ಕೊಟ್ಟ ವೈಯಕ್ತಿಕ ಜಾಮೀನಿನಿಂದ ಬ್ಯಾಂಕು ಲಿಖಿತವಾಗಿ ಬಿಡುಗಡೆ ಮಾಡಬೇಕು. ತಾರಿಹಾಳದ ಕಾರ್ಖಾನೆಯ ಸಾಲಕ್ಕೆ ಜಾಮೀನು ಉಳಿದಿರುವಾಗ ದುಬೈಯ ಮನೆಯ ಕೀಲಿಕೈ ಪಡೆದರೆ, ಸಾಲ ವಸೂಲಿಯ ನೋಟೀಸು ಅಲ್ಲಿಗೂ ಬರಬಹುದು.

ಅನಿವಾಸಿಯ ಮಳಿಗೆಗೆ ಬಾಡಿಗೆ ಕೊಡುವವರು ಮೊದಲ ರೂಪಾಯಿಯಿಂದಲೇ ಶೇಕಡ 30ರ ದರದಲ್ಲಿ, ಉಪಕರ ಸೇರಿದರೆ ಶೇಕಡ 31.2ರಷ್ಟು, ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. ದುರ್ಗದ ಬೈಲಿನ ಬಾಡಿಗೆದಾರರಿಗೆ ಇದನ್ನು ಮೊದಲೇ ತಿಳಿಸಿರಿ. ತಪ್ಪಿದರೆ ಹೊಣೆ ಅವರ ಮೇಲೆ ಬರುತ್ತದೆ. ನವಲಗುಂದ, ಕುಂದಗೋಳದ ಕಡೆ ಇರುವ ಜಮೀನನ್ನು ಅನಿವಾಸಿಯಾದ ಮೇಲೆಯೂ ಇಟ್ಟುಕೊಳ್ಳಬಹುದು. ಹೊಸ ಕೃಷಿ ಜಮೀನು ಖರೀದಿಸುವಂತಿಲ್ಲ.

ದಾಖಲೆಗಳ ಸಿದ್ಧತೆ

ನಮ್ಮ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ರೂಢಿಯಲ್ಲಿದೆ. ಶಾಲಾ ದಾಖಲೆಯಲ್ಲಿ ಒಂದು ಬಗೆ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆ ಇರುವುದು ಸಾಮಾನ್ಯ. 1956ರ ಏಕೀಕರಣಕ್ಕೆ ಮೊದಲು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿ ಜನಿಸಿದ ಹಿರಿಯರಲ್ಲಿ ಅನೇಕರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಪತ್ನಿಯ ವೀಸಾಕ್ಕೆ ವಿವಾಹ ಪ್ರಮಾಣಪತ್ರ ಬೇಕು. 40 ವರ್ಷಗಳ ಹಿಂದಿನ ಮದುವೆಯನ್ನೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಈಗ ನೋಂದಾಯಿಸಿಕೊಳ್ಳಬಹುದು. ಭಾರತವು 2005ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದ್ದರಿಂದ ಆ ಒಪ್ಪಂದದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಎಮಿರೇಟ್ಸ್‌ಗೆ ಅದರ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಪೊಲೀಸ್ ನಿರಾಕ್ಷೇಪಣಾ ಪತ್ರಕ್ಕೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದು. ಹೆಸರಿನ ತಿದ್ದುಪಡಿ ಮೊದಲು, ದೃಢೀಕರಣ ಆಮೇಲೆ ಎಂಬ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ.

ಊರಿನ ವ್ಯವಹಾರಕ್ಕೆ ಅಧಿಕಾರ ಪತ್ರವನ್ನು ಹೊರಡುವ ಮುನ್ನವೇ ಇಲ್ಲಿ ಬರೆದು ನೋಂದಾಯಿಸುವುದು ಲೇಸು. ವಿದೇಶದಲ್ಲಿ ಬರೆದದ್ದಾದರೆ ಅಲ್ಲಿ ದೃಢೀಕರಿಸಿ, ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತುಂಬಬೇಕು. ಮೃತ್ಯುಪತ್ರವೂ ಎರಡೂ ದೇಶಗಳ ಆಸ್ತಿಗೆ ಹೊಂದುವಂತಿರಲಿ.

ಕೇಳಲೇಬೇಕಾದ ಎರಡು ಪ್ರಶ್ನೆಗಳು

ಮೊದಲನೆಯದು ಆರೋಗ್ಯ. ಇಲ್ಲಿಯ ಸಾಮಾನ್ಯ ವಿಮಾ ಪಾಲಿಸಿಗಳಲ್ಲಿ ಹೆಚ್ಚಿನವು ವಿದೇಶದ ಚಿಕಿತ್ಸೆಗೆ ಸಲ್ಲುವುದಿಲ್ಲ. ಅಲ್ಲಿಯ ವಿಮೆಯ ಕಂತು ವಯಸ್ಸಿನೊಡನೆ ಏರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಇನ್ನೂ ಹೆಚ್ಚು. 58ರಲ್ಲಿ ಹಾಕಿದ ಲೆಕ್ಕ 73ರಲ್ಲಿಯೂ ನಿಲ್ಲುವುದೇ ಎಂದು ನೋಡಬೇಕು. ಇಲ್ಲಿಯ ಪಾಲಿಸಿಯನ್ನು ರದ್ದುಪಡಿಸದಿರಿ. ಹಿಂದಿರುಗಿ ಬಂದಾಗ ಆ ವಯಸ್ಸಿನಲ್ಲಿ ಹೊಸ ಪಾಲಿಸಿ ಪಡೆಯುವುದು ಕಠಿಣ.

ಎರಡನೆಯದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ವೀಸಾ ಯಜಮಾನರ ಹೆಸರಿನಲ್ಲಿದ್ದು, ಪತ್ನಿ ಅವಲಂಬಿತರಾಗಿ ಹೋಗಿರುತ್ತಾರೆ. ಯಜಮಾನರು ತೀರಿಕೊಂಡರೆ ಆಕೆಯ ವಾಸದ ಹಕ್ಕು ಏನಾಗುತ್ತದೆ, ಅಲ್ಲಿಯ ಖಾತೆ ಯಾರ ಕೈಯಲ್ಲಿರುತ್ತದೆ, ಆಕೆ ಮರಳಿ ಬಂದರೆ ಇರಲು ಇಲ್ಲಿ ಮನೆ ಉಳಿದಿದೆಯೇ? ಇದಕ್ಕೆ ಲಿಖಿತ ಉತ್ತರ ದೊರೆಯುವವರೆಗೆ ಅರ್ಜಿಗೆ ಸಹಿ ಹಾಕಬಾರದು. ಜಂಟಿ ಖಾತೆ, ಜಂಟಿ ಮಾಲೀಕತ್ವ ಹಾಗೂ ಊರಿನಲ್ಲಿ ಆಕೆಯ ಹೆಸರಿನಲ್ಲಿ ಒಂದು ವಾಸದ ಮನೆ, ಇವು ಮೂರನ್ನು ಮೊದಲು ಸಿದ್ಧಪಡಿಸುವುದು ಉತ್ತಮ.

ಮಕ್ಕಳ ಬಳಿ ಹೋಗುವ ಆಸೆ ಸಹಜವಾದುದು. ಅದನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಮನೆ ಮಾರುವ ಮುನ್ನ ಭೇಟಿಯ ವೀಸಾದಲ್ಲಿ, ಅದು ಅನುಮತಿಸುವಷ್ಟು ಕಾಲ, ಅಲ್ಲಿಯ ಬೇಸಿಗೆಯಲ್ಲಿಯೇ ಇದ್ದು ನೋಡಿರಿ. ಮರಳಿ ಬಂದ ಮೇಲೆ ದಂಪತಿಗಳು ಕೂಡಿ ನಿರ್ಧರಿಸಲಿ. ನಿರ್ಧಾರ ‘ಹೋಗುವುದು’ ಎಂದಾದರೆ, ಬರುವ ಏಪ್ರಿಲ್ 1ನ್ನು ಗುರುತಿಟ್ಟುಕೊಂಡು, ಮೊದಲ ಭೇಟಿ ಬ್ಯಾಂಕಿಗೆ, ಎರಡನೆಯದು ತಮ್ಮ ಲೆಕ್ಕಪರಿಶೋಧಕರಿಗೆ ಹಾಗೂ ವಕೀಲರಿಗೆ ಆಗಲಿ. ವೀಸಾ ದಲ್ಲಾಳಿಯ ಸರದಿ ಅವರ ನಂತರ ಬರಲಿ.