ಬೆಕ್ಕನ್ನು ಹೊರಹಾಕಿದರೆ ಚಿಗಟ ಹೋಗುವುದಿಲ್ಲ

ಕೆಲವು ದಿನಗಳಿಂದ ನಿಮ್ಮ ಮನೆಯ ಬೆಕ್ಕು ಕುಳಿತಲ್ಲಿ ಕೂರುತ್ತಿಲ್ಲ. ಕತ್ತು ಕೆರೆದುಕೊಳ್ಳುತ್ತದೆ, ಬಾಲದ ಬುಡ ಕಚ್ಚಿಕೊಳ್ಳುತ್ತದೆ. ಮಕ್ಕಳ ಕಣಕಾಲಿನ ಸುತ್ತ ಮೂರ್ನಾಲ್ಕು ಕೆಂಪು ಗುಳ್ಳೆಗಳು ಒಂದೇ ಕಡೆ ಗುಂಪಾಗಿ ಎದ್ದಿವೆ. ಮುಸಲ್ಲಾ ಬಿಡಿಸಿದಾಗ ಎಳ್ಳಿಗಿಂತ ಚಿಕ್ಕದಾದ ಕಂದು ಚುಕ್ಕೆಯೊಂದು ಕಣ್ಣೆದುರಿಗೇ ಜಿಗಿದು ಮಾಯವಾಗುತ್ತದೆ. ಇಷ್ಟು ಕಂಡರೆ ಮನೆಗೆ ಚಿಗಟ ಬಂದಿದೆ ಎಂದೇ ತಿಳಿಯಿರಿ.

ಇದಾದ ಮೇಲೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುತ್ತಾರೆ. ಇಲ್ಲವೇ ತೋಟಕ್ಕೆ ಸಿಂಪಡಿಸುವ ಔಷಧವನ್ನೋ ನಾಯಿಗೆ ಹಾಕುವ ಪುಡಿಯನ್ನೋ ತಂದು ಬೆಕ್ಕಿಗೂ ನೆಲಕ್ಕೂ ಸುರಿಯುತ್ತಾರೆ. ಮೊದಲನೆಯದರಿಂದ ಚಿಗಟ ಹೋಗುವುದಿಲ್ಲ. ಎರಡನೆಯದರಿಂದ ಬೆಕ್ಕು ಸಾಯಬಹುದು, ನೆಲದಲ್ಲಿ ಅಂಬೆಗಾಲಿಡುವ ಮಗುವಿಗೂ ಅಪಾಯ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀಯ ಕುರಿತ ಹದೀಸ್ ನಮಗೆಲ್ಲ ಚಿಕ್ಕಂದಿನಿಂದಲೇ ಗೊತ್ತು. ಆದರೂ ಚಿಗಟ ಕಂಡ ದಿನ ಅದು ನೆನಪಾಗುವುದು ಕಡಿಮೆ. ಆ ಮಾತು ಹಾಗಿರಲಿ. ಬರೀ ಲಾಭನಷ್ಟದ ಲೆಕ್ಕ ಹಾಕಿದರೂ ಬೆಕ್ಕನ್ನು ಓಡಿಸುವುದು ದಡ್ಡತನ. ಏಕೆಂದರೆ ಚಿಗಟಗಳ ಸಂಸಾರದಲ್ಲಿ ಬೆಕ್ಕಿನ ಮೈಮೇಲೆ ಇರುವುದು ನೂರಕ್ಕೆ ಸುಮಾರು 5 ಭಾಗ ಮಾತ್ರ. ಉಳಿದ 95 ಭಾಗ ಮೊಟ್ಟೆ, ಮರಿಹುಳು ಮತ್ತು ಗೂಡುಗಳಾಗಿ ನಿಮ್ಮ ಮನೆಯಲ್ಲೇ ಇದೆ. ಬೆಕ್ಕು ಹೋದರೆ ಆ ಗೂಡುಗಳಿಂದ ಹೊರಬರುವ ಹಸಿದ ಚಿಗಟಗಳಿಗೆ ಉಳಿಯುವುದು ನಿಮ್ಮ ಕಾಲು.

ಚಿಗಟದ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಬೆಕ್ಕಿನ ಚಿಗಟ ಮತ್ತು ಅದರ ಹತ್ತಿರದ ಸಂಬಂಧಿಗಳು. ಹೆಸರು ಬೆಕ್ಕಿನದಾದರೂ ನಾಯಿ, ಆಡು ಯಾವುದನ್ನೂ ಬಿಡುವುದಿಲ್ಲ. ಮೈಯೇರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೀರತೊಡಗುತ್ತದೆ. ಒಂದೆರಡು ದಿನಗಳಲ್ಲಿ ಹೆಣ್ಣು ಚಿಗಟ ಮೊಟ್ಟೆಯಿಡಲು ಆರಂಭಿಸುತ್ತದೆ, ದಿನಕ್ಕೆ 40ರಿಂದ 50ರವರೆಗೆ. ಮೊಟ್ಟೆಗೆ ಅಂಟಿಲ್ಲ. ಬೆಕ್ಕು ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೊಡವುತ್ತದೋ ಅಲ್ಲೆಲ್ಲ ಉಪ್ಪಿನ ಹರಳಿನಂತೆ ಉದುರುತ್ತದೆ. ಕೆಲವು ದಿನಗಳಲ್ಲಿ ಮರಿಹುಳು ಹೊರಬಂದು ಬೆಳಕಿಗೆ ಹೆದರಿ ಸೋಫಾದ ಸಂದಿಗೆ, ಕಾರ್ಪೆಟ್ಟಿನ ಬುಡಕ್ಕೆ, ಮಂಚದ ಕೆಳಗಿನ ಧೂಳಿಗೆ ಸೇರಿಕೊಳ್ಳುತ್ತದೆ. ಅದರ ಆಹಾರ ದೊಡ್ಡ ಚಿಗಟಗಳು ಉದುರಿಸಿದ ಒಣರಕ್ತದ ಹಿಕ್ಕೆ. ಒಂದೆರಡು ವಾರಗಳ ನಂತರ ರೇಷ್ಮೆಯಂಥ ಎಳೆಯಿಂದ ಗೂಡು ಕಟ್ಟಿ ಅದರ ಮೇಲೆ ಧೂಳು ಅಂಟಿಸಿಕೊಂಡು ಮಲಗುತ್ತದೆ.

ನಿಜವಾದ ತೊಂದರೆ ಈ ಗೂಡಿನದು. ಯಾವ ಕೀಟನಾಶಕವೂ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ನಾಲ್ಕೈದು ತಿಂಗಳು ಕಾಯಬಲ್ಲದು. ಹೆಜ್ಜೆಯ ಕಂಪನ, ಮೈಬಿಸಿ, ಉಸಿರಿನ ಗಾಳಿ ತಾಗಿದ ಕ್ಷಣಗಳಲ್ಲಿ ಹೊರಗೆ ಹಾರುತ್ತದೆ. ಗಲ್ಫ್‌ನಿಂದ ರಜೆಗೆ ಬಂದವರು ಕೆಲವು ತಿಂಗಳು ಮುಚ್ಚಿದ್ದ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಚಿಗಟ ಹತ್ತಿದ್ದನ್ನು ಕೇಳಿರಬಹುದು. ಅಲ್ಲಿ ಯಾವ ಮಾಟವೂ ಇಲ್ಲ, ಜಿನ್ನಿನ ಕಾಟವೂ ಇಲ್ಲ. ಅಟ್ಟದಲ್ಲೋ ಜಗಲಿಯಲ್ಲೋ ಯಾವುದೋ ಬೀದಿಬೆಕ್ಕು ಮರಿಹಾಕಿ ಹೋಗಿತ್ತು, ಅಷ್ಟೆ.

ಚಿಗಟವೋ ಬೇರೇನೋ ಎಂಬ ಅನುಮಾನವಿದ್ದರೆ ಸಣ್ಣ ಪರೀಕ್ಷೆಯಿದೆ. ಹಲ್ಲು ಒತ್ತಾಗಿರುವ ಹೇನು ಬಾಚಣಿಗೆಯಿಂದ ಬೆಕ್ಕಿನ ಕತ್ತು ಮತ್ತು ಬಾಲದ ಬುಡ ಬಾಚಿ, ಸಿಕ್ಕಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ಉಣ್ಣಿ ಬೇರೆ, ಅದು ಜಿಗಿಯುವುದಿಲ್ಲ, ಚರ್ಮಕ್ಕೆ ಕಚ್ಚಿಕೊಂಡು ಉಬ್ಬುತ್ತದೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ, ಚಿಗಟದಿಂದಲ್ಲ. ತಿಗಣೆಯೂ ಬೇರೆ. ಅದು ರಾತ್ರಿ ಹಾಸಿಗೆಯಲ್ಲಿ ಕೈ, ಕುತ್ತಿಗೆ, ಬೆನ್ನು ಹುಡುಕುತ್ತದೆ. ಚಿಗಟ ಹಗಲೆನ್ನದೆ ಮೊಣಕಾಲ ಕೆಳಗೆ ಕಚ್ಚುತ್ತದೆ.

ಈಗ ಬೆಕ್ಕಿನ ಔಷಧದ ವಿಷಯ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಡಿ: ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾಯಿಗಳ ಚಿಗಟ ಔಷಧಗಳಲ್ಲಿ ಇದು ಸಾಮಾನ್ಯವಾಗಿರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ, ಬೆಕ್ಕಿನದಕ್ಕೆ ಆ ಶಕ್ತಿ ತೀರಾ ಕಡಿಮೆ. ನಾಯಿಯ ಔಷಧ ಹಾಕಿಸಿಕೊಂಡ ಬೆಕ್ಕು ಕೆಲವೇ ಗಂಟೆಗಳಲ್ಲಿ ನಡುಗಿ, ಸೆಳೆತ ಬಂದು ಸಾಯಬಹುದು. ಅಂಗಡಿಯವರು ‘ಎರಡಕ್ಕೂ ನಡೆಯುತ್ತದೆ’ ಎಂದರೆ ನಂಬಬೇಡಿ, ಡಬ್ಬಿಯ ಮೇಲೆ ಬೆಕ್ಕಿನ ಹೆಸರಿದೆಯೇ ಎಂದು ನೀವೇ ಓದಿ. ಅಕಸ್ಮಾತ್ ಹಾಕಿಬಿಟ್ಟಿದ್ದರೆ ಪಾತ್ರೆ ತೊಳೆಯುವ ದ್ರವಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ತಕ್ಷಣ ತೊಳೆದು ಪಶುವೈದ್ಯರ ಬಳಿ ಓಡಿ.

ಫಿನಾಯಿಲ್, ಡೆಟಾಲ್, ಸೀಮೆಎಣ್ಣೆ, ಕರ್ಪೂರ, ನುಸಿಗುಳಿಗೆ, ಟೀ ಟ್ರೀ ಎಣ್ಣೆ ಇವೆಲ್ಲವೂ ಇದೇ ಪಟ್ಟಿಗೆ ಸೇರುತ್ತವೆ. ಬೆಕ್ಕು ದಿನವಿಡೀ ತನ್ನ ಮೈ ನೆಕ್ಕುವ ಪ್ರಾಣಿ. ನೀವು ಅದರ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬಿಡುತ್ತದೆ ಎಂಬ ಮನೆಮದ್ದೂ ಕೇಳಿಬರುತ್ತದೆ. ಚಿಗಟಕ್ಕೆ ಅದರಿಂದ ಏನೂ ಆಗುವುದಿಲ್ಲ, ಬೆಕ್ಕಿನ ಕೆಂಪು ರಕ್ತಕಣಗಳು ಮಾತ್ರ ಹಾಳಾಗುತ್ತವೆ.

ಬೆಕ್ಕಿಗೆ ಒಪ್ಪುವ ಔಷಧಗಳಿವೆ. ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್ ಮೊದಲಾದವು ಬೆಕ್ಕಿನ ಅಳತೆಯ ಸಣ್ಣ ಕೊಳವೆಗಳಲ್ಲಿ ದೊರೆಯುತ್ತವೆ. ತಲೆಯ ಹಿಂದೆ, ನಾಲಿಗೆಗೆ ಎಟುಕದ ಜಾಗದಲ್ಲಿ ಕೂದಲು ಸರಿಸಿ ಚರ್ಮಕ್ಕೇ ಹನಿಸಬೇಕು. ಹಿಂದುಮುಂದಿನ ಎರಡು ದಿನ ಸ್ನಾನ ಬೇಡ. ಯಾವುದು, ಎಷ್ಟು ಎಂಬುದು ಬೆಕ್ಕಿನ ತೂಕ, ವಯಸ್ಸಿನ ಮೇಲೆ ಹೋಗುತ್ತದೆ. ಸರಕಾರಿ ಪಶು ಚಿಕಿತ್ಸಾಲಯದಲ್ಲಿ ಕೇಳಿದರೂ ಹೇಳುತ್ತಾರೆ. ಮಕ್ಕಳು ಮೊಲ ಸಾಕಿದ್ದರೆ ಎಚ್ಚರ, ಫಿಪ್ರೊನಿಲ್ ಮೊಲಕ್ಕೆ ಮಾರಕ. ಮನೆಯಲ್ಲಿ ಎರಡು ಬೆಕ್ಕು, ಒಂದು ನಾಯಿ ಇದ್ದರೆ ಎಲ್ಲಕ್ಕೂ ಅವವುಗಳ ಔಷಧವನ್ನು ಒಂದೇ ದಿನ ಹಾಕಿ. ಒಂದನ್ನು ಬಿಟ್ಟರೂ ಶ್ರಮ ವ್ಯರ್ಥ.

ಎಂಟು ವಾರಕ್ಕಿಂತ ಚಿಕ್ಕ ಮರಿಗಳ ವಿಷಯ ಬೇರೆಯೇ. ಹೆಚ್ಚಿನ ಔಷಧ ಅವುಗಳಿಗೆ ಆಗುವುದಿಲ್ಲ, ಆದರೆ ಚಿಗಟದ ಕಾಟದಿಂದ ಮೊದಲು ಸಾಯುವುದೂ ಅವೇ. ಅಂಗೈಯಗಲದ ಮರಿಯ ಮೈಯಲ್ಲಿ ಎಷ್ಟು ರಕ್ತವಿರಲು ಸಾಧ್ಯ? ಒಸಡು ಬಿಳಿಚಿಕೊಂಡು ಮರಿ ಮಂಕಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಉಳಿದಂತೆ ಮಕ್ಕಳ ಶಾಂಪೂ ಸಾಕು. ಮೊದಲು ಕತ್ತಿನ ಸುತ್ತ ನೊರೆಯ ಉಂಗುರ ಮಾಡಿ, ಇಲ್ಲದಿದ್ದರೆ ಚಿಗಟಗಳೆಲ್ಲ ಮುಖದತ್ತ ಓಡುತ್ತವೆ. ನಂತರ ಮೈ ತೊಳೆದು, ಬಾಚಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಹಾಕಿ. ಉಗುರಿನಿಂದ ಕುಕ್ಕಬೇಡಿ. ಮರಿಯನ್ನು ತಕ್ಷಣ ಒರೆಸಿ ಬೆಚ್ಚಗಿಡಿ. ಒದ್ದೆ ಮರಿ ಚಳಿಗೇ ಹೋಗಿಬಿಡುತ್ತದೆ.

ಮನೆಯೊಳಗಿನ ಕೆಲಸ ಹೆಚ್ಚು ಬೇಸರದ್ದು. ಆದರೆ ಜಯ ಸಿಗುವುದು ಅಲ್ಲೇ. ಟೈಲ್ಸ್ ಅಥವಾ ರೆಡ್‌ಆಕ್ಸೈಡ್ ನೆಲವಿರುವವರು ಅದೃಷ್ಟವಂತರು. ನೆಲದ ನಡುವೆ ಚಿಗಟದ ಮರಿಗೆ ಬದುಕಿಲ್ಲ, ಗೋಡೆಯಂಚಿನ ಬಿರುಕುಗಳನ್ನು ನೋಡಿಕೊಂಡರೆ ಸಾಕು. ಕಾರ್ಪೆಟ್, ಸೋಫಾ, ಹತ್ತಿ ಮತ್ತು ನಾರಿನ ಹಾಸಿಗೆ, ಬಾಗಿಲ ಬಳಿಯ ಗೋಣಿ, ಬೆಕ್ಕು ಮಲಗುವ ಹಳೆಯ ಬಟ್ಟೆ ಇವೇ ಅವುಗಳ ತವರು. ಮುಸಲ್ಲಾ, ಹೊದಿಕೆ, ದಿಂಬಿನ ಚೀಲಗಳನ್ನು ಕೈ ಇಡಲಾಗದಷ್ಟು, ಅಂದರೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದು ಉರಿಬಿಸಿಲಿಗೆ ಹಾಕಿ. ಒಗೆಯಲು ಒಯ್ಯುವಾಗ ಕೊಡವಬೇಡಿ, ಮಡಚಿಕೊಂಡು ಒಯ್ಯಿರಿ, ಇಲ್ಲದಿದ್ದರೆ ಮೊಟ್ಟೆಗಳನ್ನು ಮನೆಯೆಲ್ಲ ಬಿತ್ತಿದಂತೆ. ತೊಳೆಯಲಾಗದ ಹಾಸಿಗೆಯನ್ನು ಎರಡೂ ಮಗ್ಗುಲು ಬಿಸಿಲಿಗೊಡ್ಡಿ. ಬಿಸಿಲು, ಒಣಹವೆ ಮರಿಹುಳುವಿಗೆ ಆಗುವುದಿಲ್ಲ. ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗಿಳಿದರೆ ಅದು ಒಣಗಿ ಸಾಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚಿಗಟ ಮಿತಿಮೀರುವುದಕ್ಕೆ ಕಾರಣವೂ ಇದೇ.

ವ್ಯಾಕ್ಯೂಮ್ ಯಂತ್ರವಿದ್ದರೆ ಮೊದಲ ಎರಡು ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ ಹಿಡಿಯಿರಿ. ಮೊಟ್ಟೆ, ಹಿಕ್ಕೆಗಳನ್ನು ಎಳೆಯುವುದಲ್ಲದೆ ಅದರ ಕಂಪನಕ್ಕೆ ಗೂಡಿನ ಚಿಗಟಗಳು ಮೋಸಹೋಗಿ ಹೊರಬರುತ್ತವೆ. ಕಸವನ್ನು ಅಂದೇ ಚೀಲದಲ್ಲಿ ಬಿಗಿದು ಮನೆಯಿಂದ ಹೊರಗೆ ಹಾಕಿ. ಯಂತ್ರವಿಲ್ಲದವರು ಒದ್ದೆ ಪೊರಕೆಯಿಂದ ಮೂಲೆಗಳನ್ನು ಗುಡಿಸಿ, ಕಸವನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಬಹುದು. (ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿರುವ ಮಸೀದಿಗಳ ಸಮಿತಿಯವರೂ ಇದನ್ನು ಓದಿದರೆ ಒಳ್ಳೆಯದು. ಜಗಲಿಯಲ್ಲಿ ಮಲಗುವ ಬೆಕ್ಕು ಬಾಗಿಲು ತೆರೆದಿದ್ದರೆ ಒಳಗೂ ಬರುತ್ತದೆ.)

ಇಷ್ಟಾಗಿಯೂ ತಗ್ಗದಿದ್ದರೆ ಮಾತ್ರ ಮನೆಗೆ ಔಷಧ ಹೊಡೆಸುವ ಯೋಚನೆ ಮಾಡಿ. ಕೇಳುವಾಗ ಮೆಥೊಪ್ರಿನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವುದನ್ನು ಕೇಳಿ. ಇವು ಮೊಟ್ಟೆ, ಮರಿಗಳು ಬೆಳೆಯದಂತೆ ತಡೆಯುತ್ತವೆ. ಹೊಡೆದ ಜಾಗ ಪೂರ್ತಿ ಒಣಗುವವರೆಗೆ ಮಕ್ಕಳು, ಬೆಕ್ಕು, ಪಂಜರದ ಹಕ್ಕಿ ಹೊರಗಿರಲಿ, ಮೀನಿನ ತೊಟ್ಟಿ ಬೇರೆಡೆ ಸಾಗಲಿ. ಅಡಿಕೆ ತೋಟದ ಔಷಧವನ್ನು ಮಲಗುವ ಕೋಣೆಗೆ ಯಾವ ಕಾರಣಕ್ಕೂ ತರಬೇಡಿ.

ಬಕ್ರೀದ್‌ಗೆಂದು ತಿಂಗಳುಗಟ್ಟಲೆ ಮೊದಲೇ ಆಡು ತಂದು ಕಟ್ಟುವವರು ಇನ್ನೊಂದು ಕಡೆಯೂ ಗಮನಿಸಬೇಕು. ಆಡಿನ ಕೊಟ್ಟಿಗೆಯ ಒಣಹಿಕ್ಕೆ, ಹುಲ್ಲುಕಸದಲ್ಲಿ ಚಿಗಟ ಸೊಗಸಾಗಿ ಬೆಳೆಯುತ್ತದೆ, ಅಲ್ಲಿಂದ ಬೆಕ್ಕಿನ ಮೂಲಕ ಮನೆಯೊಳಗೆ ಬರುತ್ತದೆ. ಹಾಸನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಬಳಿದು ದೂರ ಹಾಕಿ ನೆಲ ಒಣಗಲು ಬಿಡಿ. ಆಡಿನ ಮೈಗೆ ಔಷಧ ಹಾಕಿಸುವುದಾದರೆ, ಹಾಕಿದ ಎಷ್ಟು ದಿನಗಳ ನಂತರ ಮಾಂಸ ತಿನ್ನಬಹುದು ಎಂಬುದನ್ನು ಪಶುವೈದ್ಯರಿಂದ ಕೇಳಿಯೇ ಹಾಕಿಸಿ. ಹಬ್ಬದ ಹಿಂದಿನ ವಾರ ಸಿಂಪಡಿಸಿದ ವಿಷ ಹಬ್ಬದ ಊಟದಲ್ಲಿ ನಿಮ್ಮ ಬಟ್ಟಲಿಗೇ ಬರಬಹುದು.

ಇಲಿಗಳಿದ್ದರೆ ಕ್ರಮ ಬದಲಿಸಿ. ಇಲಿ ಸತ್ತೊಡನೆ ಅದರ ಚಿಗಟಗಳು ತಣ್ಣಗಾದ ಮೈ ಬಿಟ್ಟು ಬೇರೆ ರಕ್ತ ಹುಡುಕುತ್ತವೆ. ಪ್ಲೇಗನ್ನು ಇಲಿಯಿಂದ ಹರಡುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ. ಇಂದು ಪ್ಲೇಗಿನ ಭಯ ಬೇಡ. ಆದರೆ ಇಲಿಚಿಗಟದಿಂದ ಬರುವ ಟೈಫಸ್ ಜ್ವರ ಈಗಲೂ ಇದೆ. ಹಾಗಾಗಿ ಮೊದಲು ಚಿಗಟ, ಆಮೇಲೆ ಇಲಿ. ಬೋನು ಲೇಸು. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷವೇ.

ಕಚ್ಚಿದ ಗುಳ್ಳೆಗಳಿಗೆ ಸೋಪಿನಿಂದ ತೊಳೆದು, ತಣ್ಣೀರ ಬಟ್ಟೆಯಿಟ್ಟು, ಕ್ಯಾಲಮೈನ್ ಹಚ್ಚಿದರೆ ಸಾಕು. ಮಕ್ಕಳ ಉಗುರು ಕತ್ತರಿಸಿಡಿ. ಕೆರೆದ ಗಾಯ ಕೀವಾಗುವುದೇ ಹೆಚ್ಚಿನ ತೊಂದರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಗುಳ್ಳೆ ಎದ್ದರೆ ಉಳಿದವರಿಗೆ ಕಚ್ಚಿಲ್ಲವೆಂದಲ್ಲ, ಅವರ ಚರ್ಮ ಸಿಟ್ಟಾಗಿಲ್ಲ ಅಷ್ಟೆ. ಕಚ್ಚಿದ ಒಂದೆರಡು ವಾರಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಮೇಲೆ ದದ್ದು ಕಂಡರೆ ವೈದ್ಯರಿಗೆ ಚಿಗಟದ ವಿಷಯವನ್ನೂ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯದೆ ಹೋಗಬಹುದು. ಬೆಕ್ಕಿನ ಗುದದ ಬಳಿಯೋ ಮಗುವಿನ ಮಲದಲ್ಲೋ ಅಕ್ಕಿಕಾಳಿನಂಥ ಚೂರುಗಳು ಕಂಡರೆ ಅದು ಲಾಡಿಹುಳು. ಚಿಗಟವನ್ನು ನುಂಗಿದಾಗ ಬರುತ್ತದೆ, ಮಾತ್ರೆಯಿಂದ ಗುಣವಾಗುತ್ತದೆ.

ಕೆಲಸ ಶುರುಮಾಡಿದ ಎರಡನೇ ವಾರದಲ್ಲಿ ಚಿಗಟ ಮೊದಲಿಗಿಂತ ಹೆಚ್ಚಾದಂತೆ ಕಾಣಬಹುದು. ಹಳೆಯ ಗೂಡುಗಳು ಒಡೆಯುತ್ತಿವೆ ಎಂದರ್ಥ, ಔಷಧ ಸುಳ್ಳೆಂದಲ್ಲ. ಬೆಕ್ಕಿಗೆ ಔಷಧ ಹನಿಸುವುದನ್ನು ಕನಿಷ್ಠ ಮೂರು ತಿಂಗಳು, ತಿಂಗಳಿಗೊಮ್ಮೆ ತಪ್ಪಿಸಬೇಡಿ. ಹೊರಬಂದ ಚಿಗಟ ಬೆಕ್ಕಿನ ಮೈಯೇರಿ ಮೊಟ್ಟೆಯಿಡುವ ಮೊದಲೇ ಸಾಯಬೇಕು, ಬೆಕ್ಕನ್ನು ಮನೆಯಲ್ಲೇ ಉಳಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. ಎಷ್ಟು ಉಳಿದಿವೆ ಎಂದು ನೋಡಲು ರಾತ್ರಿ ನೆಲದ ಮೇಲೆ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು, ಮೇಲೊಂದು ಸಣ್ಣ ದೀಪ ಉರಿಸಿ. ಬೆಳಿಗ್ಗೆ ತಟ್ಟೆಯಲ್ಲಿ ಬಿದ್ದಿರುವುದನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಸತತ ನಾಲ್ಕು ವಾರ ತಟ್ಟೆ ಖಾಲಿಯಿದ್ದರೆ ಕಾರ್ಪೆಟ್ಟನ್ನು ಮತ್ತೆ ಹಾಸಬಹುದು.