ಸ್ಫೂರ್ತಿ ಎಲ್ಲಿಂದ ಬರುತ್ತೆ? ತಿರುವನಂತಪುರಂ, ಕೊಚ್ಚಿಯ ಕಲಾವಿದರು ತೋರಿಸಿದ ದಾರಿ

ಕ್ಯಾನ್ವಾಸ್ ಮುಂದೆ ನಿಂತರೆ ಬ್ರಷ್ ಓಡುವುದಿಲ್ಲ. ಕ್ಯಾಮೆರಾ ಹಿಡಿದರೆ ಎಲ್ಲವೂ ಯಾರೋ ಆಗಲೇ ತೆಗೆದ ಫೋಟೋದಂತೆ ಕಾಣುತ್ತದೆ. ಕಲೆಯಲ್ಲಿ ಆಸಕ್ತಿ ಇರುವ ಬಹುತೇಕರಿಗೆ ಈ ಸಂಕಟ ಗೊತ್ತು. 'ಸ್ಫೂರ್ತಿ ಬಂದಾಗ ನೋಡೋಣ' ಎಂದು ಕಾಯುವವರೂ ಇದ್ದಾರೆ, 'ಬೇರೆಯವರ ಕೆಲಸ ನೋಡಿದರೆ ನಕಲು ಮಾಡಿಬಿಡುತ್ತೇನೆ' ಎಂದು ಹೆದರುವವರೂ ಇದ್ದಾರೆ. ನಿಜವಾಗಿ ದೊಡ್ಡ ಕಲಾವಿದರಿಗೆ ಸ್ಫೂರ್ತಿ ಸಿಕ್ಕಿದ್ದು ಹೇಗೆ? ಕೇರಳದ ಎರಡು ನಗರಗಳ ಕಥೆಯಲ್ಲಿ ಇದಕ್ಕೆ ಉತ್ತರವಿದೆ. ಆ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ.

ಕಲಿಸಲು ಯಾರೂ ಒಪ್ಪದಿದ್ದಾಗ...

ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ, ತಿರುವನಂತಪುರಂ ಸಮೀಪದ ಕಿಳಿಮಾನೂರಿನಲ್ಲಿ. ಹದಿಹರೆಯದಲ್ಲೇ ತಿರುವಾಂಕೂರು ಅರಮನೆ ಸೇರಿದ ಅವರಿಗೆ ತೈಲವರ್ಣ ಕಲಿಯುವ ಆಸೆ. ಆದರೆ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ತಮ್ಮ ವಿದ್ಯೆಯನ್ನು ಹೇಳಿಕೊಡಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಖಂ ಪಿಳ್ಳೈ ಗುಟ್ಟಾಗಿ ನೆರವಾದರು ಎಂದು ರವಿವರ್ಮರ ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಕಲಾವಿದ ಅರಮನೆಗೆ ಬಂದರು. ಅವರೂ ಪಾಠ ಮಾಡಲಿಲ್ಲ. ತಾವು ಚಿತ್ರ ಬಿಡಿಸುವುದನ್ನು ನಿಂತು ನೋಡಲು ಮಾತ್ರ ಬಿಟ್ಟರು. ರವಿವರ್ಮರಿಗೆ ಅಷ್ಟೇ ಸಾಕಾಯಿತು.

1870ರಲ್ಲಿ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಮುಗಿಸಿ ಬಂದ ಮೇಲೆ ಅವರು ಚಿತ್ರಕಲೆಯನ್ನೇ ವೃತ್ತಿಯಾಗಿ ಕೈಗೆತ್ತಿಕೊಂಡರು ಎಂಬ ಮಾತೂ ಪ್ರಚಲಿತದಲ್ಲಿದೆ. ಮುಂದೆ ತಮ್ಮ ರಾಜರಾಜವರ್ಮ ಅವರೇ ಅಣ್ಣನ ಜೊತೆಗಾರನಾದರು. ಇಬ್ಬರೂ ಒಟ್ಟಿಗೆ ಪ್ರವಾಸ ಮಾಡಿದರು, ಒಟ್ಟಿಗೆ ಕೆಲಸ ಮಾಡಿದರು. 1894ರಲ್ಲಿ ಮುಂಬೈನಲ್ಲಿ ಮುದ್ರಣಾಲಯ ಶುರುವಾದ ಮೇಲೆ ಅರಮನೆಯೊಳಗಿದ್ದ ಲಕ್ಷ್ಮಿ, ಸರಸ್ವತಿಯರು ಕ್ಯಾಲೆಂಡರ್ ಚಿತ್ರಗಳಾಗಿ ನಮ್ಮ ಮನೆಗಳ ದೇವರ ಕೋಣೆಗೆ ಬಂದರು. ಕಲಿಯುವ ಬಾಗಿಲು ಮುಚ್ಚಿಸಿಕೊಂಡಿದ್ದ ಹುಡುಗನೇ ನೋಡುವ ಬಾಗಿಲನ್ನು ಎಲ್ಲರಿಗೂ ತೆರೆದಿದ್ದು ಗಮನಿಸಬೇಕಾದ ಸಂಗತಿ.

ಮಟ್ಟಂಚೇರಿ ಗೋಡೆಗಳ ಮುಂದೆ ಅಮೃತಾ

ಪ್ಯಾರಿಸ್‌ನಲ್ಲಿ ಕಲಿತು ಬಂದಿದ್ದ ಅಮೃತಾ ಶೇರ್‌ಗಿಲ್ ಅಜಂತಾ, ಎಲ್ಲೋರಾ ನೋಡಿಕೊಂಡು 1937ರಲ್ಲಿ ದಕ್ಷಿಣಕ್ಕೆ ಬಂದರು. ಕೊಚ್ಚಿಯ ಮಟ್ಟಂಚೇರಿ ಅರಮನೆಯ ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳಿಗೆ ಮಾರುಹೋಗಿ ಅವುಗಳ ರೇಖಾಚಿತ್ರ ಬಿಡಿಸಿಕೊಂಡರು. ಅದೇ ವರ್ಷ ಅವರು ರಚಿಸಿದ 'ವಧುವಿನ ಶೃಂಗಾರ', 'ಬ್ರಹ್ಮಚಾರಿಗಳು', 'ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು' ಎಂಬ ಮೂರು ಚಿತ್ರಗಳು ಇಂದು ಭಾರತೀಯ ಆಧುನಿಕ ಕಲೆಯ ಮೈಲಿಗಲ್ಲುಗಳು. ಗೋಡೆಯ ಮೇಲಿದ್ದ ರಾಮ, ಸೀತೆ ಈ ಕ್ಯಾನ್ವಾಸ್‌ಗಳಲ್ಲಿ ಇಲ್ಲ. ಇರುವುದು ತಾವು ದಾರಿಯುದ್ದಕ್ಕೂ ಕಂಡ ಸಾಮಾನ್ಯ ಜನ.

ಅಮೃತಾ ಅವರ ತಂದೆ ಉಮ್ರಾವ್ ಸಿಂಗ್ ಛಾಯಾಗ್ರಾಹಕರು. ಮನೆಮಂದಿಯ ನೂರಾರು ಫೋಟೋ ತೆಗೆದಿದ್ದರು. ಅವರ ಮೊಮ್ಮಗ, ಅಮೃತಾರ ತಂಗಿಯ ಮಗ ವಿವಾನ್ ಸುಂದರಂ ಅದೇ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ಒಂದರೊಳಗೊಂದು ಬೆಸೆದು 2001ರಿಂದ ಹೊಸ ಚಿತ್ರಸರಣಿಯನ್ನೇ ಮಾಡಿದರು. 2012ರಲ್ಲಿ ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆ ನಡೆದಾಗ ಇದೇ ವಿವಾನ್, ಪಟ್ಟಣಂ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳಿಂದ ಕಲಾಕೃತಿ ರಚಿಸಿದ್ದರು.

ಬೆಂಗಳೂರಿನ ಪುಷ್ಪಮಾಲಾ ಮಾಡಿದ್ದೇನು?

ಬೆಂಗಳೂರಿನ ಎನ್. ಪುಷ್ಪಮಾಲಾ ಮೊದಲು ಶಿಲ್ಪಿ. ಆಮೇಲೆ ಕ್ಯಾಮೆರಾ ಮುಂದೆ ತಾವೇ ವೇಷ ಹಾಕಿ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ರವಿವರ್ಮರ ಲಕ್ಷ್ಮಿಯೂ ಇದ್ದಾಳೆ, ಬೆಳದಿಂಗಳಲ್ಲಿ ಕುಳಿತ ಹೆಣ್ಣೂ ಇದ್ದಾಳೆ. ಸೀರೆ, ಒಡವೆ, ಹಿನ್ನೆಲೆಯ ಪರದೆ ಎಲ್ಲವೂ ಮೂಲದಂತೆಯೇ. ಆದರೆ ಚಿತ್ರದೊಳಗೆ ಇರುವವಳು ನಮ್ಮ ಕಾಲದ ಹೆಂಗಸು. ಹೆಣ್ಣೆಂದರೆ ಹೀಗೇ ಇರಬೇಕು ಎಂದು ಚಿತ್ರಗಳು ನಮಗೆ ಹೇಗೆ ಕಲಿಸಿವೆ ಎಂಬ ಪ್ರಶ್ನೆ ನೋಡುಗರಲ್ಲಿ ತಾನಾಗಿಯೇ ಏಳುತ್ತದೆ.

2014ರ ಕೊಚ್ಚಿ ಬಿನಾಲೆಯಲ್ಲಿ ಅವರು ವಾಸ್ಕೋ ಡ ಗಾಮನಾದರು! ಗಾಮ ಕಲ್ಲಿಕೋಟೆಯ ಸಾಮೂದಿರಿಯ ಎದುರು ನಿಂತ ದೃಶ್ಯವನ್ನು ಪೋರ್ಚುಗಲ್‌ನ ಕಲಾವಿದ ವೆಲೋಸೊ ಸಲ್ಗಾಡೊ 1898ರಲ್ಲಿ ಚಿತ್ರಿಸಿದ್ದರು. ಅದನ್ನೇ ಪುಷ್ಪಮಾಲಾ ಫೋಟೋದಲ್ಲಿ ಮರುಸೃಷ್ಟಿಸಿದರು. ಗಾಮ 1524ರಲ್ಲಿ ಸತ್ತಿದ್ದು ಕೊಚ್ಚಿಯಲ್ಲೇ. ಯುರೋಪಿನವರು ತಮ್ಮ ಗೆಲುವಿನ ನೆನಪಿಗೆ ಬರೆದ ಚಿತ್ರವನ್ನು ಭಾರತದ ಹೆಣ್ಣುಮಗಳೊಬ್ಬಳು ಗಾಮನ ವೇಷದಲ್ಲಿ ಅದೇ ಊರಿನಲ್ಲಿ ತೋರಿಸಿದಾಗ ಅದರ ಅರ್ಥವೇ ತಿರುಗಿ ನಿಲ್ಲುತ್ತದೆ.

ಹಾಗಾದರೆ ನಕಲು ಯಾವುದು?

ರವಿವರ್ಮ ಯುರೋಪಿನ ತಂತ್ರ ತೆಗೆದುಕೊಂಡು ನಮ್ಮ ಪುರಾಣ ಚಿತ್ರಿಸಿದರು. ಅಮೃತಾ ಗೋಡೆಚಿತ್ರ ನೋಡಿ ಹಳ್ಳಿಗರನ್ನು ಚಿತ್ರಿಸಿದರು. ಪುಷ್ಪಮಾಲಾ ಚಿತ್ರವನ್ನು ಇದ್ದಂತೆಯೇ ತೆಗೆದುಕೊಂಡರೂ ಅದಕ್ಕೊಂದು ಪ್ರಶ್ನೆ ಹಾಕಿದರು, ಎಲ್ಲಿಂದ ತಂದೆ ಎಂಬುದನ್ನೂ ಬಚ್ಚಿಡಲಿಲ್ಲ. ಮೂಲವನ್ನು ಮುಚ್ಚಿಟ್ಟು, ತನ್ನದೇನನ್ನೂ ಸೇರಿಸದೆ ಮಾಡಿದರೆ ಅದು ನಕಲು. ನೋಡಿದ್ದಕ್ಕೆ ನಮ್ಮ ಬದುಕಿನಿಂದ ಏನಾದರೂ ಸೇರಿಸಿದರೆ ಅದು ಸ್ಫೂರ್ತಿ. ಒಂದು ಕ್ಲಿಕ್‌ನಲ್ಲಿ ಯಾರದೋ ಶೈಲಿಯ ಚಿತ್ರ ತಯಾರಾಗುವ ಈ ಕಾಲದಲ್ಲಿ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ನೀವೂ ನೋಡಬೇಕೆಂದರೆ

ತಿರುವನಂತಪುರಂನಲ್ಲಿ ನೇಪಿಯರ್ ಮ್ಯೂಸಿಯಂ ಆವರಣಕ್ಕೆ ಹೋಗಿ. 1935ರಲ್ಲಿ ಆರಂಭವಾದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿ ಅಲ್ಲೇ ಇದೆ. ಬೆಂಗಳೂರಿನ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳೂ ಈ ಗ್ಯಾಲರಿಯ ಸಂಗ್ರಹದಲ್ಲಿವೆ. ರವಿವರ್ಮರ ಚಿತ್ರಗಳಿಗೆಂದೇ ಅದೇ ಆವರಣದಲ್ಲಿ 2023ರಲ್ಲಿ ಹೊಸ ಗ್ಯಾಲರಿ ತೆರೆದಿದೆ. ಕೊಚ್ಚಿಯಲ್ಲಿ ಮಟ್ಟಂಚೇರಿ ಅರಮನೆ ತಪ್ಪಿಸಬೇಡಿ. ಅಷ್ಟು ದೂರ ಆಗದಿದ್ದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ರವಿವರ್ಮರ ಚಿತ್ರಗಳಿವೆ.

ಹೋಗುವಾಗ ಒಂದು ಸ್ಕೆಚ್ ಪುಸ್ತಕ, ಸಾಧ್ಯವಾದರೆ ಒಬ್ಬ ಗೆಳೆಯ ಅಥವಾ ಗೆಳತಿ ಜೊತೆಗಿರಲಿ. ಇಪ್ಪತ್ತು ಚಿತ್ರಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಬದಲು ಒಂದೇ ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಲ್ಲಿ. ಇಬ್ಬರಿಗೂ ಕಂಡಿದ್ದು ಬೇರೆ ಬೇರೆಯಾಗಿದ್ದರೆ ಅಲ್ಲಿಂದಲೇ ಶುರು ಮಾಡಿ. ನೋಡಲು ಬಿಟ್ಟರೆ ಸಾಕು ಎಂದು ನಿಂತ ರವಿವರ್ಮರಿಗೆ ಅಂಥ ಅವಕಾಶ ಅಪರೂಪವಾಗಿತ್ತು. ನಮಗೆ ಅದು ಒಂದು ಟಿಕೆಟ್‌ನಷ್ಟು ಹತ್ತಿರದಲ್ಲಿದೆ.